ಸೋಡಿಯಂ ನೀರಿಗೆ ಬಿದ್ರ ಉರೀತದ, ಮತ್ತ ರಿಯಾಕ್ಟರಿಗೆ ಅದನ್ನೇ ಯಾಕ ಹಾಕ್ತಾರ?

ಪ್ರಶ್ನೆ: ಸರ್, ನಾನು ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಒಂದು ಹೈಸ್ಕೂಲಿನಾಗ ವಿಜ್ಞಾನ ಕಲಿಸ್ತೀನಿ. ಹೋದ ವಾರ ಹತ್ತನೇ ಕ್ಲಾಸಿಗೆ ಸೀಮೆಎಣ್ಣೆ ಬಾಟ್ಲಿಯಿಂದ ಸೋಡಿಯಂ ತೆಗೆದು ಸಣ್ಣ ಚೂರು ನೀರಿಗೆ ಹಾಕಿ ತೋರಿಸಿದೆ. ಆಮೇಲೆ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ತಮಿಳುನಾಡಿನ ಕಲ್ಪಾಕ್ಕಂ ರಿಯಾಕ್ಟರ್ ತಣ್ಣಗ ಇಡಾಕ ಇದನ್ನೇ ಹಾಕ್ತಾರಂತ ಪೇಪರಿನಾಗ ಓದಿದೆ, ಪಕ್ಕದಾಗ ನೀರು, ಉಗಿ ಎಲ್ಲಾ ಇರ್ತದಲ್ಲ, ಅವ್ರಿಗೆ ಇದು ಗೊತ್ತಿಲ್ಲೇನು?" ಅಂತ ಕೇಳಿದ್ಲು. ಇನ್ನೊಬ್ಬ ಹುಡುಗ, "ಆ ರಿಯಾಕ್ಟರ್ ಉರಿಸಿದ್ದಕ್ಕಿಂತ ಜಾಸ್ತಿ ಇಂಧನ ಹುಟ್ಟಿಸ್ತದಂತ, ಹಂಗಾದ್ರ ಶಕ್ತಿ ಸಂರಕ್ಷಣೆ ನಿಯಮ ಸುಳ್ಳೇನ್ರಿ?" ಅಂದ. ಎರಡಕ್ಕೂ ನನಗೆ ಸರಿ ಉತ್ತರ ಕೊಡಾಕ ಆಗ್ಲಿಲ್ಲ. ದಯವಿಟ್ಟು ತಿಳಿಸಿ.

ಉತ್ತರ:

ಮೇಡಂ, ಮೊದ್ಲು ಆ ಹುಡುಗಿಗೆ ನನ್ನ ಕಡೆಯಿಂದ ಶಾಬಾಸ್ ಹೇಳ್ರಿ. ಆಕಿ ಕೇಳಿದ ಪ್ರಶ್ನೆ ಇಡೀ ಜಗತ್ತಿನ ಫಾಸ್ಟ್ ರಿಯಾಕ್ಟರ್ (ಕಲ್ಪಾಕ್ಕಂದಂಥ ರಿಯಾಕ್ಟರ್) ಎಂಜಿನಿಯರುಗಳು 70 ವರ್ಷದಿಂದ ತಲೆ ಕೆಡಿಸ್ಕೊಂಡ ಪ್ರಶ್ನೆ. ನಾನು ಮೂವತ್ತು ವರ್ಷ ಬಾಯ್ಲರ್ ಮತ್ತ ಹೀಟ್ ಎಕ್ಸ್‌ಚೇಂಜರ್ ಟ್ಯೂಬ್ ಇನ್‌ಸ್ಪೆಕ್ಷನ್ ಮಾಡ್ದಂವ, ಅಂದ್ರ ಉಗಿ ಒಂದು ಕಡೆ, ಬೆಂಕಿ ಒಂದು ಕಡೆ, ನಡುವ ಕೆಲವೇ ಮಿಲಿಮೀಟರ್ ಉಕ್ಕು, ಆ ಉಕ್ಕಿನ ಮ್ಯಾಲೇ ನನ್ನ ಜೀವನ ಹೋಗ್ಯದ. ಅದಕ್ಕ ಈ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಬರೀತೀನಿ.

ಹುಡುಗನ ಪ್ರಶ್ನೆ ಮೊದ್ಲು ತಗೋತೀನಿ, ಯಾಕಂದ್ರ ಅದು ತಿಳಿದ್ರನ ಸೋಡಿಯಂ ಯಾಕ ಅನ್ನೋದು ತಿಳೀತದ.

ಭೂಮಿಯಿಂದ ತೆಗೆದ ಯುರೇನಿಯಂನಾಗ ನೂರಕ್ಕ 99.3 ಭಾಗ ಯುರೇನಿಯಂ-238, ಬರೇ 0.7 ಭಾಗ ಯುರೇನಿಯಂ-235. ಸುಲಭಕ್ಕ ಒಡೆಯೋದು ಆ 0.7 ಮಾತ್ರ. ನಮ್ಮ ಕರ್ನಾಟಕದ ಕೈಗಾದಾಗ ಇರೋ ನಾಲ್ಕು 220 ಮೆಗಾವ್ಯಾಟ್ ರಿಯಾಕ್ಟರುಗಳು ಮುಖ್ಯವಾಗಿ ಇದನ್ನೇ ಉರಿಸ್ತಾವ, ಜೊತೆಗೆ ಒಂದಿಷ್ಟು 238 ನ್ಯೂಟ್ರಾನ್ ನುಂಗಿ ಪ್ಲುಟೋನಿಯಂ-239 ಆಗ್ತದ. ಹೆಂಗಂದ್ರ, 238 ಒಂದು ನ್ಯೂಟ್ರಾನ್ ನುಂಗಿದ್ರ ಯುರೇನಿಯಂ-239 ಆಗ್ತದ, ಅದರ ಅರ್ಧಾಯುಷ್ಯ (ಅರ್ಧ ಭಾಗ ಬ್ಯಾರೆ ಧಾತು ಆಗಾಕ ಹಿಡಿಯೋ ಹೊತ್ತು) 23 ನಿಮಿಷದ ಆಸುಪಾಸು, ನೆಪ್ಚೂನಿಯಂ ಆಗ್ತದ, ಅದು ಎರಡು ದಿನದ ಮ್ಯಾಲ ಸ್ವಲ್ಪ ಅರ್ಧಾಯುಷ್ಯದಾಗ ಪ್ಲುಟೋನಿಯಂ ಆಗ್ತದ. ಈ ಪ್ಲುಟೋನಿಯಂ ಚೊಲೋ ಇಂಧನ. ಉರಿದು ಹೊರಗ ಬಂದ ಇಂಧನ ಕಡ್ಡಿಗಳನ್ನ ಕರಗಿಸಿ ಅದನ್ನ ಬ್ಯಾರೆ ಮಾಡಿ ತೆಗೀಬೇಕು.

ಇದನ್ನ ಮಕ್ಕಳಿಗೆ ಹೆಪ್ಪು ಹಾಕೋ ಲೆಕ್ಕದಾಗ ಹೇಳ್ರಿ. ಒಂದು ಚಮಚ ಹೆಪ್ಪು ಹಾಲಿಗೆ ಹಾಕಿದ್ರ ಗಡಿಗಿ ತುಂಬ ಮೊಸರು. ಮೊಸರು ಹೆಚ್ಚಾತು ಅಂದ ಮಾತ್ರಕ್ಕ ಅದು ಗಾಳಿಯಿಂದ ಹುಟ್ಟಿಲ್ಲ, ಹಾಲು ಖರ್ಚಾಗ್ಯದ. ಇಲ್ಲಿ ಯುರೇನಿಯಂ-238 ಹಾಲು, ಪ್ಲುಟೋನಿಯಂ ಹೆಪ್ಪು. ಬ್ರೀಡರ್ ರಿಯಾಕ್ಟರ್ ಉರಿಸೋ ಪ್ಲುಟೋನಿಯಂಗಿಂತ ಸ್ವಲ್ಪ ಹೆಚ್ಚು ಪ್ಲುಟೋನಿಯಂ ಮಾಡ್ತದ ಅಷ್ಟ, ಒಟ್ಟು ಹಾಲು ಕಮ್ಮಿ ಆಗ್ತಾನೇ ಹೋಗ್ತದ. ಶಕ್ತಿ ಸಂರಕ್ಷಣೆ ನಿಯಮಕ್ಕ ಏನೂ ಧಕ್ಕೆ ಇಲ್ಲ. ನಾವು ಇಲ್ಲಿತನ ಬರೇ ಆ 0.7ರ ಆಜುಬಾಜು ಉರಿಸಿ ಉಳಿದ ಹಾಲನ್ನೆಲ್ಲಾ ಅಟ್ಟದ ಮ್ಯಾಲ ಇಟ್ಟಿದ್ವಿ, ಬ್ರೀಡರ್ ಬಂದ್ರ ಆ ಹಾಲು ಉಪಯೋಗಕ್ಕ ಬರ್ತದ. ಹೋಮಿ ಭಾಭಾ ಮೂರು ಹಂತದ ಯೋಜನೆ ಹಾಕಿದ್ದು ಇದೇ ಕಾರಣಕ್ಕ. ಮೊದಲನೇದು ಕೈಗಾದಂಥ ಭಾರಜಲ ರಿಯಾಕ್ಟರ್, ಎರಡನೇದು ಫಾಸ್ಟ್ ಬ್ರೀಡರ್, ಮೂರನೇದು ಕೇರಳ, ತಮಿಳುನಾಡು, ಒಡಿಶಾ ಕಡಲ ತೀರದ ಮರಳಿನಾಗ ಸಿಗೋ ಥೋರಿಯಂ. ನಮ್ಮ ದೇಶಕ್ಕ ಯುರೇನಿಯಂ ಕಮ್ಮಿ, ನಮ್ಮ ಪಕ್ಕದ ಯಾದಗಿರಿ ಜಿಲ್ಲೆಯ ಗೋಗಿಯಾಗ ಅದಿರು ಅದ, ಆಂಧ್ರದ ತುಮ್ಮಲಪಲ್ಲೆಯಾಗ ಗಣಿ ಅದ, ಆದ್ರ ನಮ್ಮ ಅದಿರು ಭಾಳ ಬಡವು. ಥೋರಿಯಂ ಮಾತ್ರ ಕೈತುಂಬ ಅದ. ಆದ್ರ ಥೋರಿಯಂ ತಾನಾಗೇ ಉರಿಯಂಗಿಲ್ಲ, ಅದಕ್ಕೂ ಹೆಪ್ಪು ಬೇಕು, ಆ ಹೆಪ್ಪು ಎರಡನೇ ಹಂತದಾಗ ತಯಾರಾಗಬೇಕು.

ಈಗ ಹೆಚ್ಚು ಪ್ಲುಟೋನಿಯಂ ಹುಟ್ಟಬೇಕಂದ್ರ ನ್ಯೂಟ್ರಾನ್ ಉಳಿಬೇಕು. ಪ್ಲುಟೋನಿಯಂನ ಒಂದು ನ್ಯೂಕ್ಲಿಯಸ್ ಒಡೆದ್ರ ಸರಾಸರಿ ಮೂರರ ಹತ್ರ ನ್ಯೂಟ್ರಾನ್ ಬರ್ತಾವ. ಒಂದು ಮುಂದಿನ ಒಡೆತಕ್ಕ ಬೇಕು, ಒಂದು ಖರ್ಚಾದ ಪ್ಲುಟೋನಿಯಂ ಜಾಗಕ್ಕ ಹೊಸದು ಮಾಡಾಕ ಬೇಕು, ಉಳಿದದ್ದರಾಗೇ ಸೋರಿಕೆ, ನಷ್ಟ, ಲಾಭ ಎಲ್ಲಾ. ನಿಧಾನ ನ್ಯೂಟ್ರಾನ್ ಆದ್ರ ಪ್ಲುಟೋನಿಯಂ ಅದನ್ನ ನುಂಗಿ ಒಡೀದೇ ಸುಮ್ನ ಕೂಡೋದು ಜಾಸ್ತಿ, ಹಂಗಾಗಿ ಲೆಕ್ಕ ಕೂಡಂಗಿಲ್ಲ. ವೇಗದ ನ್ಯೂಟ್ರಾನ್ ಆದ್ರ ಕೂಡ್ತದ. ಫಾಸ್ಟ್ ಅಂತ ಹೆಸರು ಬಂದದ್ದು ಇದಕ್ಕ, ಕರೆಂಟ್ ಜಲ್ದಿ ಮಾಡ್ತದ ಅಂತ ಅಲ್ಲ, ಇಂಧನ ಜಲ್ದಿ ಹುಟ್ಟಿಸ್ತದ ಅಂತನೂ ಅಲ್ಲ. ಇದು ಭಾಳ ಮಂದಿ ತಪ್ಪು ತಿಳ್ಕೊಂಡಿರೋ ಮಾತು.

ಇಲ್ಲಿಗೆ ಬಂತು ನೋಡ್ರಿ ನೀರಿನ ಸಮಸ್ಯೆ. ಕೇರಂ ಆಡಿದ ಮಕ್ಕಳಿಗೆ ತಿಳೀತದ, ಎದುರಿಗೆ ಇರೋದು ನಿನ್ನಷ್ಟೇ ತೂಕದ ಕಾಯಿ ಆದ್ರ, ನೆಟ್ಟಗ ಬಡಿದ್ರ ನಿನ್ನ ವೇಗ ಪೂರಾ ಅದಕ್ಕ ಹೋಗ್ತದ, ನೀನು ಅಲ್ಲೇ ನಿಲ್ತಿ. ನೀರಿನಾಗಿನ ಹೈಡ್ರೋಜನ್ ನ್ಯೂಟ್ರಾನ್ ಅಷ್ಟೇ ತೂಕ, ಒಂದೊಂದು ಡಿಕ್ಕಿಗೂ ನ್ಯೂಟ್ರಾನ್ ಸರಾಸರಿ ಅರ್ಧ ಶಕ್ತಿ ಕಳ್ಕೊಂತದ. ಸೋಡಿಯಂ ನ್ಯೂಕ್ಲಿಯಸ್ 23 ಪಟ್ಟು ಭಾರ, ಅದಕ್ಕ ಬಡಿದ್ರ ಸರಾಸರಿ ನೂರಕ್ಕ 8ರಷ್ಟೇ ಕಳ್ಕೊಂತದ. ಅಂದ್ರ ನೀರು ಹಾಕಿದ ಕ್ಷಣ ಅದು ಫಾಸ್ಟ್ ರಿಯಾಕ್ಟರ್ ಆಗಿ ಉಳಿಯಂಗಿಲ್ಲ. ಆಯ್ಕೆ ಅಂತ ಮಾಡಿ ಸೋಡಿಯಂ ಹಾಕಿಲ್ಲ ಮೇಡಂ, ನೀರು ಮೊದಲನೇ ಸುತ್ತಿನಾಗೇ ಔಟ್.

ಎರಡನೇ ಕಾರಣ ಬಿಸಿ. ನಮ್ಮ ಬಳ್ಳಾರಿ ಕಡೆ ಕುಡತಿನಿ ಥರ್ಮಲ್ ಪ್ಲಾಂಟಿನಾಗ 500 ಮೆಗಾವ್ಯಾಟ್ ಯೂನಿಟ್ ಅದಾವಲ್ಲ, ಅವುಗಳ ಬಾಯ್ಲರ್ ಎಷ್ಟು ಎತ್ತರ, ಹೊಸಪೇಟೆ ರೋಡಿನಿಂದನೇ ಕಾಣ್ತದ. ಕಲ್ಪಾಕ್ಕಂದ ಪ್ರೋಟೋಟೈಪ್ ಫಾಸ್ಟ್ ಬ್ರೀಡರ್ ಕೂಡ 500 ಮೆಗಾವ್ಯಾಟ್ ಕರೆಂಟಿಂದೇ, ಶಾಖದ ಲೆಕ್ಕದಾಗ 1,250 ಮೆಗಾವ್ಯಾಟ್. ಆದ್ರ ಅಷ್ಟೂ ಶಾಖ ಹುಟ್ಟೋ ಕೋರ್ ಅಂದ್ರ ಒಂದು ಮೀಟರ್ ಎತ್ತರ, ಎರಡು ಮೀಟರ್ ಹತ್ರ ಅಗಲ. ನಮ್ಮ ಊರ ಮನಿಯಾಗ ಜೋಳ ತುಂಬೋ ಕಣಜ ಇದಕ್ಕಿಂತ ದೊಡ್ಡದಿರ್ತದ. 181 ಇಂಧನ ಜೋಡಣೆ, ಒಂದೊಂದರಾಗ 217 ಸಣ್ಣ ಕಡ್ಡಿ. ಇಷ್ಟು ಇಕ್ಕಟ್ಟಿನಿಂದ ಇಷ್ಟು ಶಾಖ ಹೊರಗ ಎಳೀಬೇಕಂದ್ರ ದ್ರವರೂಪದ ಲೋಹನೇ ಬೇಕು. ಸೋಡಿಯಂ ನೀರಿಗಿಂತ ಸುಮಾರು ನೂರು ಪಟ್ಟು ಚೊಲೋ ಶಾಖ ಸಾಗಿಸ್ತದ. 98 ಡಿಗ್ರಿಗೆ ಕರಗ್ತದ, 883 ಡಿಗ್ರಿಗೆ ಕುದೀತದ. ಕೋರಿನಿಂದ ಹೊರಗ ಬರೋ ಸೋಡಿಯಂ 547 ಡಿಗ್ರಿ, ಅಂದ್ರ ಕುದಿಯೋಕ ಇನ್ನೂ 300 ಡಿಗ್ರಿ ಮ್ಯಾಲ ಬಾಕಿ. ಹಂಗಾಗಿ ಒತ್ತಡ ಕಟ್ಟೋ ಗರಜೇ ಇಲ್ಲ. ನೀರಿನ ರಿಯಾಕ್ಟರಿನಾಗ 300 ಡಿಗ್ರಿಗೂ ನೀರು ಕುದೀಬಾರದಂದ್ರ ನೂರು-ನೂರೈವತ್ತು ಬಾರ್ (ಒಂದು ಬಾರ್ ಅಂದ್ರ ಹೆಚ್ಚುಕಮ್ಮಿ ನಮ್ಮ ಸುತ್ತಲ ಗಾಳಿ ಒತ್ತಡದಷ್ಟು) ಒತ್ತಡದಾಗ ಅಮುಕಿ ಹಿಡೀಬೇಕು, ಪೈಪ್ ಒಡೆದ್ರ ಕುಕ್ಕರ್ ಮುಚ್ಚಳ ಹಾರಿದಂಗ. ಸೋಡಿಯಂ ಪಾತ್ರೆ ಒಡೆದ್ರ ಹಾರಂಗಿಲ್ಲ, ಸೋರ್ತದ. ಶುದ್ಧ ಸೋಡಿಯಂ ಉಕ್ಕನ್ನ ತಿನ್ನೋದೂ ಭಾಳ ಕಮ್ಮಿ. ಇವೆಲ್ಲ ಅದರ ಒಳ್ಳೇ ಗುಣ, ಪೇಪರಿನಾಗ ಬರಂಗಿಲ್ಲ, ನೀರಿಗೆ ಬಿದ್ದು ಉರಿಯೋದೇ ಬರ್ತದ.

ಈಗ ಹುಡುಗಿ ಕೇಳಿದ್ದಕ್ಕ ಬರ್ತೀನಿ. ಅವ್ರಿಗೆ ಗೊತ್ತದ, ಭಾಳ ಚೆನ್ನಾಗಿ ಗೊತ್ತದ, ಅದಕ್ಕೇ ಮೂರು ಸುತ್ತು, ಅಂದ್ರ ಒಂದಕ್ಕೊಂದು ಬೆರೆಯದ ಮೂರು ಹರಿವು ಮಾಡ್ಯಾರ. ಮೊದಲನೇ ಸುತ್ತು ಸುಮಾರು 13 ಮೀಟರ್ ಅಗಲದ ದೊಡ್ಡ ಉಕ್ಕಿನ ಹಂಡೆ, ಸಾವಿರ ಟನ್ನಿಗೂ ಹೆಚ್ಚು ಸೋಡಿಯಂ, ಕೋರ್, ಪಂಪು ಎಲ್ಲಾ ಅದರಾಗೇ ಮುಳುಗ್ಯಾವ, ಮ್ಯಾಲ ಗಾಳಿ ತಾಗದಂಗ ಆರ್ಗಾನ್ ಅನಿಲ, ಹಂಡೆ ಸೋರಿದ್ರ ಹಿಡಿಯಾಕ ಹೊರಗ ಇನ್ನೊಂದು ಹಂಡೆ. ಈ ಸೋಡಿಯಂ ನ್ಯೂಟ್ರಾನ್ ನುಂಗಿ ಸೋಡಿಯಂ-24 ಆಗಿ ವಿಕಿರಣ ಸೂಸ್ತದ. ಇದನ್ನ ನೀರಿನ ಹತ್ರ ಸುಳಿಯಾಕೂ ಬಿಡಂಗಿಲ್ಲ. ಇದು ತನ್ನ ಶಾಖ ಎರಡನೇ ಸುತ್ತಿನ ಬ್ಯಾರೆ ಸೋಡಿಯಂಗೆ ಕೊಡ್ತದ, ಗೋಡೆ ಆಚೆಯಿಂದ. ಎರಡನೇ ಸೋಡಿಯಂನಾಗ ವಿಕಿರಣ ಇಲ್ಲ. ಅದು ಹೊರಗಿನ ಬಿಲ್ಡಿಂಗಿಗೆ ಹೋಗಿ ಸ್ಟೀಮ್ ಜನರೇಟರಿನಾಗ ನೀರಿಗೆ ಶಾಖ ಕೊಡ್ತದ, ಅದು ಮೂರನೇ ಸುತ್ತು, ಅಲ್ಲಿಂದ ಮುಂದ ಟರ್ಬೈನ್, ನಮ್ಮ ಶಕ್ತಿನಗರದ ಥರ್ಮಲ್ ಪ್ಲಾಂಟಿನಾಗ ಇದ್ದಂಗೇ. ಅಂದ್ರ ಕೆಟ್ಟ ದಿನ ಬಂದು ಸೋಡಿಯಂ, ನೀರು ಕೂಡಿದ್ರೂ ಅದು ಕೋರಿನಿಂದ ದೂರ, ವಿಕಿರಣ ಇಲ್ಲದ ಸೋಡಿಯಂ ಜೊತೆ ಆಗೋ ರಾಸಾಯನಿಕ ಬೆಂಕಿ. ಸಣ್ಣ ಸಂಗತಿ ಅಂತ ಹೇಳ್ತಿಲ್ಲ ನಾನು, ಆದ್ರ ಅದು ಅಣು ಅಪಘಾತ ಅಲ್ಲ.

ಹಂಗಾದ್ರ ನಿಜವಾದ ಗಡಿ ಎಲ್ಲದ? ಸ್ಟೀಮ್ ಜನರೇಟರಿನ ಟ್ಯೂಬಿನಾಗ ಅದ. ಇಲ್ಲಿ ನನಗ ಸ್ವಲ್ಪ ಹೆಚ್ಚು ಮಾತಾಡಾಕ ಬಿಡ್ರಿ. ಕಲ್ಪಾಕ್ಕಂದಾಗ ಎಂಟು ಸ್ಟೀಮ್ ಜನರೇಟರ್, ಒಂದೊಂದರಾಗ 547 ಟ್ಯೂಬು, ಒಂದೊಂದು 23 ಮೀಟರ್ ಉದ್ದ, ದಪ್ಪ 2.3 ಮಿಲಿಮೀಟರ್. ಒಳಗ 170 ಬಾರ್ ಆಸುಪಾಸಿನ ನೀರು, ಉಗಿ, ಹೊರಗ 500 ಡಿಗ್ರಿ ದಾಟಿದ ಸೋಡಿಯಂ. ಎರಡರ ನಡುವ ಇರೋದು ಆ 2.3 ಮಿಲಿಮೀಟರ್ ಕ್ರೋಮ್-ಮಾಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ) ಉಕ್ಕು ಮಾತ್ರ. ಇಷ್ಟು ಉದ್ದದ ಟ್ಯೂಬ್ ಒಂದೇ ತುಂಡಿನಾಗ ಮಾಡಿದ್ದು ಯಾಕ ಅಂದ್ರ ನಡುವ ವೆಲ್ಡ್ ಬರಬಾರದು ಅಂತ. ವೆಲ್ಡ್ ಕಮ್ಮಿ ಆದಷ್ಟೂ ಸೋರೋ ಜಾಗ ಕಮ್ಮಿ. ಇದನ್ನ ಓದಿದಾಗ ನನಗ ಖರೇ ಕಣ್ಣು ತುಂಬಿ ಬಂತು, ಯಾಕಂದ್ರ ನನ್ನ ಮೂವತ್ತು ವರ್ಷದಾಗ ನೋಡಿದ ಟ್ಯೂಬ್ ಲೀಕು ಭಾಳಷ್ಟು ವೆಲ್ಡಿನ ಹತ್ರಾನೇ.

ಒಂದು ಸಲ ನಾ ಕೆಲಸ ಮಾಡ್ತಿದ್ದ ಒಂದು ಕಲ್ಲಿದ್ದಲು ಪ್ಲಾಂಟಿನಾಗ ರಾತ್ರಿ ಎರಡಕ್ಕ ಟ್ಯೂಬ್ ಲೀಕ್ ಆತು. ಸೂಜಿ ಮೊನೆಯಷ್ಟು ತೂತು. ಹೊರಗ ನಿಂತ್ರ ಹಾವು ಬುಸುಗುಟ್ಟೋ ಸಪ್ಪಳ. ಲೋಡ್ ಬೇಕು ಅಂತ ಯೂನಿಟ್ ಕೂಡ್ಲೇ ಬಂದ್ ಮಾಡ್ಲಿಲ್ಲ, ಮರುದಿನ ಮಧ್ಯಾಹ್ನತನ ಓಡಿಸಿದ್ರು. ಬಂದ್ ಮಾಡಿ, ತಣ್ಣಗಾದ ಮ್ಯಾಲ ಒಳಗ ಹೋಗಿ ನೋಡಿದ್ರ ಆ ಸೂಜಿ ತೂತಿನ ಉಗಿ ಪಕ್ಕದ ಟ್ಯೂಬನ್ನ ಚಾಕುವಿನಿಂದ ಕೊಯ್ದಂಗ ಕೊಯ್ದಿತ್ತು, ಅದರ ಉಗಿ ಅದರ ಪಕ್ಕದ್ದನ್ನ, ಹಿಂಗ ಹನ್ನೊಂದು ಟ್ಯೂಬ್ ಹೋಗಿದ್ವು. ಒಂದು ಟ್ಯೂಬಿನ ಕೆಲಸ ಹನ್ನೊಂದಕ್ಕ ಬಂತು. ಕಲ್ಲಿದ್ದಲು ಬಾಯ್ಲರಿನಾಗ ಇದು ನಾಲ್ಕು ದಿನದ ರಿಪೇರಿ, ರೊಕ್ಕದ ನಷ್ಟ. ಸೋಡಿಯಂ ಸ್ಟೀಮ್ ಜನರೇಟರಿನಾಗೂ ಇದೇ ಆಗ್ತದ, ಆದ್ರ ಉಗಿ ಜೊತೆಗೆ ಸೋಡಿಯಂ ಉರಿದು ಕಾಸ್ಟಿಕ್ ಸೋಡಾ ಆಗಿ ಆ ಜ್ವಾಲೆ ಪಕ್ಕದ ಟ್ಯೂಬನ್ನ ಇನ್ನೂ ಜಲ್ದಿ ತಿಂತದ. ಅಲ್ಲಿ ಮಧ್ಯಾಹ್ನತನ ಕಾಯೋ ಮಾತೇ ಇಲ್ಲ.

ಅದಕ್ಕ ಅಲ್ಲಿ ಕಿವಿಗಿಂತ ಸೂಕ್ಷ್ಮದ್ದು ಇಟ್ಟಾರ. ನೀರು ಸೋಡಿಯಂಗೆ ಸೇರಿದ್ರ ನಿಮ್ಮ ಕ್ಲಾಸಿನಾಗ ಕಂಡಂಗೇ ಹೈಡ್ರೋಜನ್ ಬರ್ತದ. ಆ ಹೈಡ್ರೋಜನ್ ಸೋಡಿಯಂನಾಗ ಕರಗಿ ಮುಂದಕ್ಕ ಹೋಗ್ತದ, ಅದರ ದಾರಿಯಾಗ ತೆಳು ನಿಕ್ಕಲ್ ಪೊರೆ ಇಟ್ಟಿರ್ತಾರ, ಹೈಡ್ರೋಜನ್ ಮಾತ್ರ ಅದನ್ನ ದಾಟ್ತದ, ಆ ಕಡೆ ಮೀಟರ್ ಎದ್ದು ನಿಲ್ತದ. ಸಣ್ಣ ಸೋರಿಕೆ ಇದ್ದಾಗಲೇ ನೀರು ಬಂದ್ ಮಾಡಿ, ಉಗಿ ಹೊರಗ ಬಿಟ್ಟು, ಟ್ಯೂಬಿಗೆ ನೈಟ್ರೋಜನ್ ತುಂಬ್ತಾರ. ದೊಡ್ಡದಾದ್ರ ಒತ್ತಡಕ್ಕ ಒಡೆಯೋ ತೆಳು ತಗಡು ಅದ, ಅದು ಹರಿದು ಎಲ್ಲಾನೂ ಬ್ಯಾರೆ ಟ್ಯಾಂಕಿಗೆ ಕಳಿಸ್ತದ. ಹೊರಗಿನ ಪೈಪುಗಳಿಗೆ ಇನ್ನೊಂದು ಸರಳ ಉಪಾಯ. ಸೋಡಿಯಂ ಲೋಹ, ಕರೆಂಟ್ ಹರೀತದ, ಅದಕ್ಕ ಪೈಪಿಗೆ ಮಣಿ ಪೋಣಿಸಿದ ತಂತಿ ಸುತ್ತ್ಯಾರ, ಒಂದು ಹನಿ ಸೋರಿ ತಂತಿಗೆ ತಾಗಿದ್ರ ಶಾರ್ಟ್ ಆಗಿ ಗಂಟೆ ಹೊಡೀತದ. ಇದನ್ನ ಮಕ್ಕಳಿಗೆ ಬ್ಯಾಟರಿ, ಬಲ್ಬು ಇಟ್ಟು ತೋರಿಸಬಹುದು.

ಇಷ್ಟೆಲ್ಲಾ ಇದ್ರೂ ಸೋಡಿಯಂ ಸಾಧು ಅಂತ ಯಾರಾದ್ರೂ ಅಂದ್ರ ನಂಬಬ್ಯಾಡ್ರಿ. ಜಪಾನಿನ ಮೊಂಜು ರಿಯಾಕ್ಟರಿನಾಗ 1995ರ ಡಿಸೆಂಬರ್ 8ಕ್ಕ ಸುಮಾರು 640 ಕಿಲೋ ಸೋಡಿಯಂ ಸೋರಿ ಉರೀತು. ಕಾರಣ ಏನಂದ್ರ ಟೆಂಪರೇಚರ್ ನೋಡೋ ಒಂದು ಕೊಳವಿ, ಹರಿಯೋ ಸೋಡಿಯಂನ ಸುಳಿಗೆ ಸಿಕ್ಕು, ಗಾಳಿಗೆ ತಂತಿ ಗುಂಯ್ ಅನ್ನೋಹಂಗ, ಅಲುಗಿ ಅಲುಗಿ ಮುರೀತು. ಅದು ಎರಡನೇ ಸುತ್ತು, ವಿಕಿರಣ ಹೊರಗ ಬರ್ಲಿಲ್ಲ, ಯಾರೂ ಸಾಯ್ಲಿಲ್ಲ. ಆದ್ರ ನಡೆಸೋರು ಆ ಸೋರಿಕೆಯ ವಿಡಿಯೋ ಮುಚ್ಚಿಟ್ಟದ್ದು ಹೊರಬಿದ್ದು ಮಂದಿ ನಂಬಿಕೆ ಹೋತು, 2010ರಾಗ ಮತ್ತ ಸ್ವಲ್ಪ ದಿನ ಓಡಿಸಿದ್ರು, 2016ರಾಗ ಬಂದ್ ಮಾಡೋ ತೀರ್ಮಾನ ಆತು. ಬೆಂಕಿಗಿಂತ ಸುಳ್ಳು ಆ ರಿಯಾಕ್ಟರನ್ನ ಸುಟ್ಟಿತು ಅಂತ ನನ್ನ ಅಭಿಪ್ರಾಯ. ಫ್ರಾನ್ಸಿನ 1,200 ಮೆಗಾವ್ಯಾಟಿನ ಸೂಪರ್‌ಫೀನಿಕ್ಸ್ ಕೂಡ ಪೂರ್ತಿ ಆಯುಷ್ಯ ಬದುಕ್ಲಿಲ್ಲ. ಇನ್ನೊಂದು ಕಡೆ ರಷ್ಯಾದ ಬೆಲೊಯಾರ್ಸ್ಕ್‌ನ ಬಿಎನ್-600 ನೋಡ್ರಿ, 1980ರಿಂದ ಕರೆಂಟ್ ಕೊಡ್ತದ. ಮೊದಲ ವರ್ಷಗಳಾಗ ಅದಕ್ಕೂ ಹಲವು ಸಲ ಸೋಡಿಯಂ ಸೋರ್ತು, ಟ್ಯೂಬ್ ಸೋರಿದ್ವು. ಆದ್ರ ಸ್ಟೀಮ್ ಜನರೇಟರ್ ತುಂಡು ತುಂಡಾಗಿ ಕಟ್ಟಿದ್ರು, ಕೆಟ್ಟ ತುಂಡು ಬ್ಯಾರೆ ಮಾಡಿ ಉಳಿದದ್ದು ಓಡಿಸ್ತಾ, ಒಂದೊಂದು ಸೋರಿಕೆಯಿಂದನೂ ಕಲಿತು ನಡೆಸ್ಕೊಂಡು ಬಂದ್ರು. ಸೋಡಿಯಂ ರಿಯಾಕ್ಟರ್ ಬಾಳೋದು, ಬೀಳೋದು ಮೆಂಟೆನನ್ಸ್ ಮಾಡೋ ಕೈಗಳ ಮ್ಯಾಲ.

ಇನ್ನೊಂದು ಮಾತು ಮುಚ್ಚಿಡಬಾರದು. ದೊಡ್ಡ ಫಾಸ್ಟ್ ಕೋರಿನ ನಡುಭಾಗದಾಗ ಸೋಡಿಯಂ ಕುದ್ದು ಗುಳ್ಳೆ ಆದ್ರ, ನ್ಯೂಕ್ಲಿಯಸ್ ಒಡೆಯೋ ಕ್ರಿಯೆ ಕಮ್ಮಿ ಆಗೋ ಬದಲು ಹೆಚ್ಚಾಗೋ ಗುಣ ಅದ. ಆ ಮಟ್ಟಕ್ಕ ಹೋಗಬಾರದು ಅಂತನೇ ಕುದಿಯೋ ಮಟ್ಟಕ್ಕಿಂತ 300 ಡಿಗ್ರಿ ಕೆಳಗ ಓಡಿಸ್ತಾರ, ಕಲ್ಪಾಕ್ಕಂದಾಗ ರಿಯಾಕ್ಟರ್ ನಿಲ್ಲಿಸಾಕ ಒಂದಕ್ಕೊಂದು ಸಂಬಂಧ ಇಲ್ಲದ ಎರಡು ವ್ಯವಸ್ಥೆ, ಒಂದರಾಗ ನ್ಯೂಟ್ರಾನ್ ನುಂಗೋ 9 ಕಡ್ಡಿ, ಇನ್ನೊಂದರಾಗ ಅಂಥವೇ 3 ಕಡ್ಡಿ. ನಿಲ್ಲಿಸಿದ ಮ್ಯಾಲೂ ಕೋರ್ ಕೆಂಡದಂಗ ಶಾಖ ಬಿಡ್ತಿರ್ತದ, ಕರೆಂಟ್ ಹೋದ್ರ ಪಂಪ್ ಇಲ್ಲ, ಆಗ ಬಿಸಿ ಸೋಡಿಯಂ ತಾನೇ ಮ್ಯಾಲೇರಿ, ಎತ್ತರದ ಚಿಮಣಿಯಾಗ ಗಾಳಿಗೆ ಶಾಖ ಕೊಟ್ಟು, ತಣ್ಣಗಾಗಿ ತಾನೇ ಕೆಳಗಿಳಿಯೋ ನಾಲ್ಕು ಸುತ್ತು ಅದಾವ, ಒಂದೊಂದು 8 ಮೆಗಾವ್ಯಾಟಿಂದು. 1986ರ ಏಪ್ರಿಲ್‌ನಾಗ ಅಮೆರಿಕದ ಐಡಾಹೋದಾಗ ಇಬಿಆರ್-2 ಅನ್ನೋ ಸೋಡಿಯಂ ರಿಯಾಕ್ಟರನ್ನ ಪೂರ್ತಿ ಶಕ್ತಿಯಾಗ ಓಡಿಸ್ತಾ ಬೇಕಂತನೇ ಪಂಪ್ ಬಂದ್ ಮಾಡಿದ್ರು, ಕಡ್ಡಿ ಬೀಳಿಸ್ಲಿಲ್ಲ, ಅದು ತಾನಾಗೇ ತಣಿದು ನಿಂತ್ತು. ಇದನ್ನ ಹೇಳಿ ನಮ್ಮದೂ ಹಂಗೇ ನಿಲ್ತದ ಅನ್ನೋರು ಇದ್ದಾರ. ಅದು ಲೋಹದ ಇಂಧನದ ಸಣ್ಣ ರಿಯಾಕ್ಟರ್, ನಮ್ಮದು ಆಕ್ಸೈಡ್ ಇಂಧನದ ದೊಡ್ಡದು, ಎರಡೂ ಒಂದೇ ಅಲ್ಲ. ನಮ್ಮದಕ್ಕ ಕಡ್ಡಿಗಳು ಬೀಳಲೇಬೇಕು.

ತಡದ ಬಗ್ಗೆನೂ ಮಕ್ಕಳು ಕೇಳ್ತಾರ. ಕಲ್ಪಾಕ್ಕಂದಾಗ 1985ರಿಂದನೇ ಎಫ್‌ಬಿಟಿಆರ್ ಅನ್ನೋ ಸಣ್ಣ ಸೋಡಿಯಂ ರಿಯಾಕ್ಟರ್ ಅದ, ನಮ್ಮವರ ಕೈ ಪಳಗಿದ್ದು ಅದರ ಮ್ಯಾಲ. ದೊಡ್ಡದರ ಕೆಲಸ 2004ರಾಗ ಸುರು ಆತು, ಅದೇ ವರ್ಷ ಡಿಸೆಂಬರ್ 26ರ ಸುನಾಮಿ ನೀರು ಅಡಿಪಾಯದ ಗುಂಡಿಗೆ ನುಗ್ಗಿತು. 2010ಕ್ಕ ಮುಗೀಬೇಕಿತ್ತು, ಕೋರ್ ಲೋಡಿಂಗ್ ಸುರು ಮಾಡಿದ್ದು 2024ರ ಮಾರ್ಚ್ 4ಕ್ಕ. 3,492 ಕೋಟಿ ಅಂದಾಜು 5,677 ಕೋಟಿಗೆ ಏರಿ ಅದನ್ನೂ ದಾಟ್ತು. ಇಷ್ಟು ತಡ ಆಗಬಾರದಿತ್ತು ಅಂತ ನನಗೂ ಸಂಕಟ ಅದ. ಆದ್ರ ಅವಸರ ಮಾಡಿ ಸೋಡಿಯಂ ತುಂಬಿದ್ದಿದ್ರ ಇನ್ನೂ ಸಂಕಟ ಇರ್ತಿತ್ತು. ಸೋಡಿಯಂ ಒಳಗ ಕಣ್ಣಿಗೆ ಏನೂ ಕಾಣಂಗಿಲ್ಲ, ಬೆಳ್ಳಿಯಂಗ ಮಿಂಚ್ತದ, ಒಳಗ ಒಂದು ಬೋಲ್ಟ್ ಬಿದ್ರ ಹುಡುಕಾಕ ಅಲ್ಟ್ರಾಸೌಂಡ್ ಬೇಕು. 98 ಡಿಗ್ರಿ ಕೆಳಗ ಗಟ್ಟಿ ಆಗ್ತದ, ಅದಕ್ಕ ಉದ್ದಕ್ಕೂ ಪೈಪಿಗೆ ಹೀಟರ್ ಸುತ್ತಬೇಕು. ಒಮ್ಮೆ ತುಂಬಿದ ಮ್ಯಾಲ ತಪ್ಪು ತಿದ್ದೋದು ಭಾಳ ಕಷ್ಟ.

ಮತ್ತ ಈ ಪ್ರೋಟೋಟೈಪ್ ಹುಟ್ಟಿಸೋ ಹೆಚ್ಚುವರಿ ಹೆಪ್ಪು ಭಾಳ ಸ್ವಲ್ಪ, ಒಂದಕ್ಕ ಒಂದರ ಮ್ಯಾಲ ಚೂರು ಅಷ್ಟ. ಅದನ್ನ ಹೊರಗ ತೆಗೆದು, ತಣಿಸಿ, ಕರಗಿಸಿ, ಬ್ಯಾರೆ ಮಾಡಿ, ಮತ್ತ ಕಡ್ಡಿ ಮಾಡೋ ಕಾರ್ಖಾನೆ ಸರಿ ನಡೆದ್ರನ ಎರಡನೇ ಹಂತ ನಡೀತದ. ಪೇಪರ್ನವ್ರು ರಿಯಾಕ್ಟರಿನ ಫೋಟೋ ಹಾಕ್ತಾರ, ಆ ಕಾರ್ಖಾನೆ ಬಗ್ಗೆ ಯಾರೂ ಬರೆಯಂಗಿಲ್ಲ. ನಾನಾದ್ರ ಮಕ್ಕಳಿಗೆ ಅದನ್ನೇ ಮೊದ್ಲು ಹೇಳ್ತೀನಿ.

ಮೇಡಂ, ಮುಂದಿನ ಕ್ಲಾಸಿಗೆ ಒಂದು ಲೆಕ್ಕ ಕೊಡ್ರಿ. ಸೋಡಿಯಂ-24ರ ಅರ್ಧಾಯುಷ್ಯ 15 ತಾಸು. ರಿಯಾಕ್ಟರ್ ನಿಂತ ಮ್ಯಾಲ ಅದರ ವಿಕಿರಣ ಸಾವಿರದಾಗ ಒಂದು ಭಾಗಕ್ಕ ಇಳಿಯಾಕ ಎಷ್ಟು ದಿನ ಬೇಕು? ಹತ್ತು ಸಲ ಅರ್ಧ ಮಾಡಿದ್ರ 1,024ರಾಗ ಒಂದು ಭಾಗ ಉಳೀತದ, ಅಂದ್ರ 150 ತಾಸು, ಆರೂ ಕಾಲು ದಿನ. ಮೊದಲನೇ ಸುತ್ತಿನ ಹತ್ರ ರಿಪೇರಿಗೆ ಹೋಗೋರು ಒಂದು ವಾರ ಯಾಕ ಕಾಯ್ತಾರ ಅನ್ನೋದು ಆ ಹುಡುಗಿ ತಾನೇ ಲೆಕ್ಕ ಹಾಕಿ ಹೇಳ್ತಾಳ. ಮತ್ತ ಸೋಡಿಯಂ ಚೂರು ಸಾಸಿವಿ ಕಾಳಿಗಿಂತ ದೊಡ್ಡದು ಹಾಕಬ್ಯಾಡ್ರಿ, ಮಕ್ಕಳನ್ನ ಎರಡು ಮಾರು ದೂರ ನಿಲ್ಲಿಸ್ರಿ, ಕಣ್ಣಿಗೆ ಕನ್ನಡಕ ಹಾಕ್ರಿ, ಹತ್ತಿದ್ರ ಆರಿಸಾಕ ಪಕ್ಕದಾಗ ಒಣ ಉಸುಕಿನ ಬಕೀಟು ಇಟ್ಕೊಳ್ರಿ, ನೀರಿಂದಲ್ಲ.